ಬಗ್ಗಿಸಿ ನೋಡದ ವೈರು

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಬಾಲಾನಗರದ ನನ್ನ ಗ್ಯಾರೇಜಿನ ಎದುರು ಲೇಥ್ ನಡೆಸುವವರಿಗೆಲ್ಲ ಅದು ಗೊತ್ತು. ಅದನ್ನು ಹೆಚ್ಚು ಸಹಿಸಿದವನು ನನ್ನ ದೊಡ್ಡಪ್ಪನ ಮಗ. ಬೀದರ್ ಕಡೆಯಿಂದ ನನ್ನನ್ನು ಕರೆತಂದು ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿಸಿದ ಅಣ್ಣ ಅವನು. ಮುಂದೆ ನಾನು ಸ್ವಂತ ಗ್ಯಾರೇಜು ಹಾಕಿದಾಗ ನನ್ನ ಕೈಕೆಳಗೇ ಕೆಲಸಕ್ಕೆ ನಿಂತ.

ಇಂಜಿನ್ನಿನ ಪ್ಲಗ್ಗಿಗೆ ಕರೆಂಟು ಒಯ್ಯುವ ವೈರಿನ ರೆಸಿಸ್ಟೆನ್ಸ್ ನೋಡುವಾಗ ಅವನದೊಂದು ಪದ್ಧತಿ ಇತ್ತು. ಎರಡು ತುದಿಗೂ ಮೀಟರಿನ ಕಡ್ಡಿ ಸಿಕ್ಕಿಸಿ, ವೈರನ್ನು ಉದ್ದಕ್ಕೂ ಬಗ್ಗಿಸಿ, ತಿರುವಿ ನೋಡುತ್ತಿದ್ದ. ನನಗೋ ಅಷ್ಟು ತಾಳ್ಮೆ ಇಲ್ಲ, ನೆಟ್ಟಗೆ ಚಾಚಿ ಅಳೆದುಬಿಡುತ್ತಿದ್ದೆ.

"ಇಂಜಿನ್ ಮ್ಯಾಲೆ ಇದು ನೆಟ್ಟಗ ಮಲಗಿರ್ತೈತೇನೋ ತಮ್ಮಾ?" ಎಂದು ಅಣ್ಣ ನಗುತ್ತಿದ್ದ.

ಒಂದು ದಿನ ಹಳೆಯ ಪೆಟ್ರೋಲ್ ಕಾರೊಂದು ಮುಗ್ಗರಿಸಿ ಮುಗ್ಗರಿಸಿ ಮಿಸ್ಸಿಂಗ್ ಹೊಡೆಯುತ್ತ ಬಂತು. ಗಿರಾಕಿಗೆ ಅವಸರ. ನಾಲ್ಕೂ ವೈರುಗಳನ್ನು ನಾನೇ ಬೆಂಚಿನ ಮೇಲೆ ಚಾಚಿ ಮೀಟರ್ ಇಟ್ಟೆ. ಎಲ್ಲವೂ ಸರಿಯಾದ ಅಂಕಿ ತೋರಿಸಿದವು. ಅಣ್ಣ ನನ್ನ ಮಾತು ನಂಬಿ, ವೈರುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪೇ ಕೆಟ್ಟಿರಬೇಕೆಂದು ಅದನ್ನು ಬದಲಿಸಿಕೊಟ್ಟ.

ಮರುದಿನವೇ ಗಾಡಿ ವಾಪಸ್. ಗಿರಾಕಿ ಕೂಗಾಡಿದ, ಲೇಥಿನವರೂ ಬಂದು ನಿಂತರು.

"ವೈರ್ ಬಗ್ಗಿಸಿ ನೋಡಿದ್ಯೇನೋ?" ಎಂದು ಅಣ್ಣ ಮೆಲ್ಲಗೆ ಕೇಳಿದ.

"ಮೀಟರ್ ಸುಳ್ಳ ಹೇಳತೈತೇನು? ನಿನಗ ವಯಸ್ಸಾತು. ಕ್ಯಾಪ್ ಕೂಡಿಸಾಕ ಬರವಲ್ದು, ನನಗ ಬುದ್ಧಿ ಹೇಳಾಕ ಬರ್ತಿ!"

ಥೂ, ಎಂಥ ನಾಲಿಗೆ ನನ್ನದು! ಅಣ್ಣ ಕೈ ಒರೆಸಿಕೊಂಡು, ತನ್ನ ಪಾನಾಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಅವನು ಕೂಡಿಸಿದ್ದ ಕ್ಯಾಪ್ ಬಿಚ್ಚಿ ಇನ್ನೊಂದು ಹಾಕಿದೆ. ಮಿಸ್ಸಿಂಗ್ ಹೋಗಲಿಲ್ಲ. ಕೊನೆಗೆ ಮೂರನೆಯ ವೈರನ್ನು ಮೀಟರಿಗೆ ಹಿಡಿದು ಬಗ್ಗಿಸಿದೆ. ಅಂಕಿ ಮಾಯ. ನೆಟ್ಟಗೆ ಮಾಡಿದರೆ ಮತ್ತೆ ಬಂತು. ಒಳಗೆ ತುಂಡಾಗಿತ್ತು. ವೈರು ಬದಲಿಸಿ ಗಾಡಿ ಕಳಿಸಿದೆ; ತಪ್ಪು ಯಾರದೆಂದು ಗಿರಾಕಿಗೂ ಹೇಳಲಿಲ್ಲ, ಲೇಥಿನವರಿಗೂ ಹೇಳಲಿಲ್ಲ.

ಅಣ್ಣ ಕೂಕಟ್‌ಪಲ್ಲಿಯ ಬೇರೊಂದು ಗ್ಯಾರೇಜು ಸೇರಿದನೆಂದು ತಿಳಿಯಿತು. ನಾಲ್ಕು ದಿನ ಒದ್ದಾಡಿ, ಯಾರಿಗೂ ಕೇಳಿಸದ ಹಾಗೆ ಗ್ಯಾರೇಜಿನ ಹಿಂದಕ್ಕೆ ಹೋಗಿ ಫೋನ್ ಮಾಡಿದೆ.

"ಅಣ್ಣಾ, ವೈರ್ ಕೆಟ್ಟಿತ್ತು. ನಂದ ತಪ್ಪಾತು. ಬಾ."

ನನ್ನನ್ನು ಎಂದೂ ಬಹುವಚನದಲ್ಲಿ ಕರೆಯದ ನನ್ನ ಅಣ್ಣ ಕೇಳಿದ: "ಎಲ್ಲಿ ನಿಂತು ಮಾತಾಡಾಕತ್ತೀರಿ, ಮಾಲಕರ?"

"ಇಲ್ಲೇ... ಗ್ಯಾರೇಜಿನ ಹಿಂದ."

"ಬೈಯೂವಾಗ ಮುಂದ ನಿಂತಿದ್ರಿ" ಎಂದು ಫೋನ್ ಇಟ್ಟ.