ದೀಪ ಆರಬಾರದೆಂದು

ದೊಡ್ಡಪ್ಪ ತೀರಿಕೊಂಡದ್ದು ಮೇ ತಿಂಗಳ ಸೆಕೆಯಲ್ಲಿ, ಡೊಂಬಿವಲಿಯ ಮನೆಯಲ್ಲಿ. ಕೊನೆಯ ಮಹಡಿ, ಮೇಲೆ ಟೆರೇಸ್ ಕಾದರೆ ಕೆಳಗೆ ಮನುಷ್ಯರು ಬೇಯುತ್ತಾರೆ. ಮಗಳು ಉಡುಪಿಯಿಂದ ರೈಲಿನಲ್ಲಿ ಬರಬೇಕಿತ್ತು, ಬರುವಾಗ ಸಂಜೆಯಾಗುತ್ತಿತ್ತು. ಅಲ್ಲಿಯವರೆಗೆ ಹೆಣ ಕೆಡಬಾರದೆಂದು ಐಸಿನ ದಿಮ್ಮಿ ತರಿಸಿ ಅದರ ಮೇಲೆ ಮಲಗಿಸಿದರು. ತಲೆಯ ಬಳಿ ದೀಪ ಹಚ್ಚಿದರು.

ಆ ದೀಪ ಆರಬಾರದು. ಆದ್ದರಿಂದ ಫ್ಯಾನ್ ಬಂದ್, ಕಿಟಕಿಯೂ ಬಂದ್. ಈ ಹುಕುಂ ನೌಪಾಡಾದಿಂದ ಬಂದಿಳಿದಿದ್ದ ಅತ್ತೆಯದು, ದೊಡ್ಡಪ್ಪನ ತಂಗಿಯದು. ಸಾವಿನ ಮನೆಗೆ ಅವರು ಕಾಲಿಟ್ಟರೆಂದರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಗಂಡಸರು ಜಾಣರು, ವ್ಯವಸ್ಥೆ ನೋಡುವ ನೆಪದಲ್ಲಿ ಪಾರ್ಕಿಂಗಿನ ನೆರಳು ಸೇರಿಕೊಂಡರು. ಹೆಣದ ಪಕ್ಕ ಕೂರಬೇಕಾದವಳು ದೊಡ್ಡಮ್ಮ. ಬೆಳಗ್ಗಿನಿಂದ ಗುಟುಕು ನೀರೂ ಕುಡಿದಿರಲಿಲ್ಲ.

ಮಧ್ಯಾಹ್ನ ನಾನು ಫ್ಯಾನ್ ಹಾಕಲು ಎದ್ದೆ.

"ದೀಪ ನಂದಿದ್ರೆ ಅಣ್ಣನಿಗೆ ದಾರಿ ಕಾಣುದು ಹೇಗೆ? ಕೂತ್ಕೊ," ಎಂದರು ಅತ್ತೆ.

ದೊಡ್ಡಮ್ಮ ಮೆಲ್ಲಗೆ ಕೈಚಾಚಿ ಐಸಿನ ಮೇಲೆ ಅಂಗೈ ಇಟ್ಟಳು, ಆ ತಣ್ಣನೆಯ ನೀರನ್ನು ಕೆನ್ನೆಗೆ ಸವರಿಕೊಂಡಳು. ಅತ್ತೆ ಆ ಕೈಯನ್ನು ಎಳೆದು ಅವಳ ಮಡಿಲಲ್ಲೇ ಇಟ್ಟರು. ಹೆಣಕ್ಕೆಂದು ತಂದದ್ದನ್ನು ಬದುಕಿದ್ದವರು ಮುಟ್ಟಬಾರದಂತೆ.

ಆಮೇಲೆ ದೊಡ್ಡಮ್ಮ ನನ್ನನ್ನು ಕರೆದು, ಟೆರೇಸಿನ ಹಪ್ಪಳ ಒಣಗಿತೋ ನೋಡಿ ಬಾ ಎಂದಳು. ಹಪ್ಪಳ ಹಾಕಿಯೇ ಇರಲಿಲ್ಲ. ಅವಳ ಮೈ ಮುಟ್ಟಿದರೆ ಕಾದ ಕಾವಲಿಯ ಹಾಗೆ, ಬೆವರು ಒಂದು ಹನಿಯೂ ಇಲ್ಲ. ದುಃಖಕ್ಕೆ ಬುದ್ಧಿ ಹೀಗಾಗಿದೆ, ಅತ್ತು ಹಗುರಾಗಲಿ ಬಿಡು ಎಂದರು ಅತ್ತೆ. ಅವಳು ಅಳುತ್ತಲೇ ಇರಲಿಲ್ಲ. ನಾನು ಕೂಗಿ ಗಂಡಸರನ್ನು ಮೇಲೆ ಕರೆಸಿ, ಅವಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇವರು ಸತ್ತದ್ದು ಸೆಕೆಗೆ ಎಂದರು ಡಾಕ್ಟರು. ಪುಣ್ಯವಂತೆ, ಗಂಡನ ಬೆನ್ನಿಗೇ ಹೋದಳು ಎಂದರು ನಮ್ಮವರು. ಆ ಪುಣ್ಯ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಷ್ಟೋ ಮನೆಗಳಲ್ಲಿ ಸೆಕೆಗೆ ಸತ್ತವರನ್ನು ಹೀಗೇ ಹೊಗಳಿ ಸುಟ್ಟಿರಬೇಕು.

ಅವಳನ್ನೂ ಮನೆಗೆ ತಂದೆವು. ಇನ್ನಷ್ಟು ಐಸ್ ಬಂತು, ಇನ್ನೊಂದು ದೀಪ ಹಚ್ಚಿದರು. ಈಗ ದೊಡ್ಡಮ್ಮನಿಗೆ ಬೇಕಾದಷ್ಟು ತಂಪು. ಅತ್ತೆ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಎದ್ದರು.

"ಎಂತ ಸೆಕೆ ಮಾರಾಯ್ತಿ. ಒಂದು ಗಳಿಗೆ ಹೊರಗೆ ಕೂರ್ತೇನೆ."

ನಾನು ಬಾಗಿಲಿಗೆ ಅಡ್ಡ ನಿಂತೆ.

"ಕೂತ್ಕೊಳ್ಳಿ ಅತ್ತೆ. ಈಗ ಎರಡು ದೀಪ ಉಂಟು."

ಅವರು ಕೂತರು. ಮಗಳ ರೈಲು ಇನ್ನೂ ಪನ್ವೇಲ್ ಮುಟ್ಟಿರಲಿಲ್ಲ.