ಒಂಬತ್ತನೆಯ ಕಲಮು

ಆ ಬೆಳಿಗ್ಗೆ ಏನೇನು ಕೆಡಬಹುದಿತ್ತೋ ಅದನ್ನೆಲ್ಲ ನಾನು ಜರ್ಮನಿಯ ಬೊಬ್ಲಿಂಗೆನ್ನಿನ ಬಸ್ಸಿನಲ್ಲೇ ಅನುಭವಿಸಿ ಮುಗಿಸಿದ್ದೆ. ನಮ್ಮ ಕಂಪನಿಯ ವಕೀಲೆಗೆ ಜ್ವರ ಬರಬಹುದು. ಕೊನೆಯ ಗಳಿಗೆಯಲ್ಲಿ ಇನ್ನೊಬ್ಬ ಗಿರಾಕಿ ಹುಟ್ಟಬಹುದು. ಕೊಳ್ಳುವವರು ನನ್ನ ಅಕ್ಕನ ಗಂಡ ಎಂದು ಮೊದಲೇ ಬರೆದುಕೊಟ್ಟಿದ್ದರೂ, ಅದು ಯಾರಿಗೋ ಹೊಸದಾಗಿ ಹೊಳೆದು ನನ್ನ ಕೆಲಸ ಹೋಗಬಹುದು; ಅದರ ಬೆನ್ನಿಗೇ, ಕಂಪ್ಯೂಟರ್ ಕೆಲಸದವರಿಗೆಂದು ಇಲ್ಲಿಯವರು ಕೊಟ್ಟ ಗ್ರೀನ್ ಕಾರ್ಡೂ ಹೋಗಬಹುದು. ಎಲ್ಲಕ್ಕಿಂತ ಮೇಲೆ, ಕರಾರಿನ ಒಂಬತ್ತನೆಯ ಕಲಮು ಹಾಗೆಯೇ ಉಳಿದುಬಿಡಬಹುದು.

ಪಕ್ಕದಲ್ಲಿ ಭಾವ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮಂಗಳೂರಿನಲ್ಲಿ ಗ್ಯಾರೇಜುಗಳಿಗೆ ಕಂಪ್ಯೂಟರ್ ಒದಗಿಸುವ ಸಣ್ಣ ಅಂಗಡಿ ಅವರದು. ಕಾರಿನ ದೋಷ ಹುಡುಕುವ ಒಂದು ಸಾಫ್ಟ್‌ವೇರನ್ನು ನಮ್ಮ ಕಂಪನಿ ಕೈಬಿಟ್ಟಿತ್ತು. ಭಾರತದಲ್ಲಿ ಅದರ ಒಡೆತನ, ಮಾರುವ ಹಕ್ಕು ಎರಡನ್ನೂ ಕೊಳ್ಳಲು ಭಾವ ತಮ್ಮ ಗೋದಾಮು ಮಾರಿ ಬಂದಿದ್ದರು. ಆದರೆ ಕಂಪನಿ ಬೇಕೆನಿಸಿದಾಗ ಹಕ್ಕನ್ನು ಹಿಂಪಡೆಯಬಹುದು ಎನ್ನುತ್ತಿತ್ತು ಒಂಬತ್ತನೆಯ ಕಲಮು. ಭಾವನ ಆಡಿಟರ್ ಅಲ್ಲೇ ಬೆರಳಿಟ್ಟಿದ್ದರು: ಶಾಶ್ವತವಾಗಿ ಕೊಟ್ಟರೆ ಮಾರಾಟ, ಹಿಂಪಡೆಯುವ ಹಾಗಿದ್ದರೆ ಬಾಡಿಗೆಗೆ ಕೊಟ್ಟ ಹಾಗೆ, ಅಂದರೆ ಸೇವೆ. ಸೇವೆಯಾದರೆ ಹೊಸ ಸೇವಾ ತೆರಿಗೆ. ಕೊಡುವವರು ಪರದೇಶದವರಾದರೆ ಅದು ಪಡೆಯುವವನ ತಲೆಗೇ ಬಂದೀತು.

"ಅದು ಉಳಿದರೆ ಅಂಗಡಿಯೂ ಹೋಯ್ತು ಅಂತ ಲೆಕ್ಕ, ಮಾರಾಯ" ಎಂದರು ಭಾವ, ಬಸ್ ಸ್ಟಾಪಿನ ಹೆಸರು ಓದುವಷ್ಟು ಸಹಜವಾಗಿ.

ವಕೀಲೆಗೆ ಜ್ವರ ಬಂದಿರಲಿಲ್ಲ. ಬಿಳಿ ಅಂಗಿ, ಬಿಗಿದ ತುಟಿ. ನಾನು ನನ್ನ ಜರ್ಮನ್‌ನಲ್ಲಿ ಭಾರತದ ತೆರಿಗೆಯನ್ನು ವಿವರಿಸಿದಷ್ಟೂ ನಾವು ಕಳ್ಳರಂತೆ ಕಾಣತೊಡಗಿದೆವು.

"ತೆರಿಗೆ ತಪ್ಪಿಸಲು ಕರಾರು ತಿದ್ದಿ ಅನ್ನುತ್ತಿದ್ದೀರಾ?" ಎಂದು ಆಕೆ ಕೇಳಿದಳು.

ಅವಳು ಕೇಳಿದ್ದನ್ನು ಭಾವನಿಗೆ ಹೇಳಿದೆ.

"ಸುತ್ತಿ ಬಳಸಿ ಎಂತಕೆ? ನಮಗೆ ಮಾರಿದ್ದಾ, ಬಾಡಿಗೆಗೆ ಕೊಟ್ಟದ್ದಾ? ಅಷ್ಟು ಕೇಳು."

ಕೇಳಿದೆ. ಆಕೆ ಪುಟ ತಿರುವಿ ನೋಡಿ, ನಿರ್ದೇಶಕರನ್ನು ಕಾಣಲು ಎದ್ದುಹೋದಳು. ನನ್ನನ್ನು ಕೆಲಸದಿಂದ ತೆಗೆಯುವ ಕಾಗದ ತರಲಿಕ್ಕೇ ಎಂದು ನಾನು ನಿಶ್ಚಯಿಸಿಕೊಂಡೆ.

"ಹೆದರಬೇಡ, ಕಾಫಿ ಕುಡಿ."

"ನಾನೆಲ್ಲಿ ಹೆದರಿದ್ದೇನೆ ಭಾವ?"

"ಹೌದೌದು. ಕಪ್ಪು ತನ್ನಷ್ಟಕ್ಕೇ ನಡುಗುದು."

ಬಾಗಿಲು ತೆರೆಯಿತು. "ಮಾರಿದ್ದೇ" ಎಂದಳು ಆಕೆ. ಆ ಕಲಮು ಯಾವುದೋ ಹಳೆಯ ಕರಾರಿನಿಂದ ಹಾಗೇ ಉಳಿದುಬಂದದ್ದಂತೆ. ಗೆರೆ ಎಳೆದು ಅದನ್ನು ಹೊಡೆದುಹಾಕಿ, ಎರಡೂ ಹಕ್ಕುಗಳು ಶಾಶ್ವತವೆಂದು ಬರೆದಳು. ಬದಿಯಲ್ಲಿ ಇಬ್ಬರೂ ಸಹಿ ಹಾಕಿದರು. ಭಾವ ಕಣ್ಣು ಮುಚ್ಚಿ ಉಸಿರು ಬಿಟ್ಟಾಗಷ್ಟೇ ಗೊತ್ತಾಯಿತು, ಅವರೂ ಇಷ್ಟು ಹೊತ್ತು ಅದನ್ನು ಹಿಡಿದಿಟ್ಟುಕೊಂಡಿದ್ದರು.

ಆ ಬೆಳಿಗ್ಗೆ ಮನೆಯಿಂದ ಹೊರಡುವ ಮುಂಚೆ ಭಾವ ಕರಾರನ್ನು ನಮ್ಮ ಅಡುಗೆಮನೆಯ ದೇವರ ಮುಂದಿಟ್ಟು, ಮದುವೆ ಕಾಗದಕ್ಕೆ ಹಚ್ಚುವಂತೆ ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿದ್ದರು. ನೀರಲ್ಲಿ ಕಲಸಿದರೆ ಅಕ್ಷರ ಹರಡೀತೆಂದು ಹೆದರಿ, ತೆಂಗಿನೆಣ್ಣೆಯಲ್ಲಿ ಕಲಸಿಕೊಟ್ಟವನು ನಾನೇ. ಎಣ್ಣೆ ಒಣಗುವುದಿಲ್ಲ ಎಂಬ ಒಂದು ಚಿಂತೆ ಮಾತ್ರ ನನಗೆ ಹೊಳೆದಿರಲಿಲ್ಲ.

ಕಾಗದ ಎತ್ತಿಕೊಂಡ ವಕೀಲೆ ತನ್ನ ಬಿಳಿ ಅಂಗಿಯ ತೋಳಿಗೆ ಅಂಟಿದ ಹಳದಿ ಕಲೆಯನ್ನು ದಿಟ್ಟಿಸಿದಳು.

"ಸಾಸಿವೆ ಚಟ್ನಿಯಾ?" ಎಂದು ಕೇಳುತ್ತ, ಒದ್ದೆ ಟಿಶ್ಯೂನಿಂದ ಅದನ್ನು ಮೊಣಕೈವರೆಗೂ ಉಜ್ಜಿ ಹರಡಿದಳು.