ಜೀವ ನೋಡುತ್ತಿದ್ದ ನೀಲಮ್ಮ

ನೀಲಮ್ಮ ಯಾವುದನ್ನೂ ಬೆಳಕಿಗೆ ಹಿಡಿದು ನೋಡದೆ ನಂಬುತ್ತಿರಲಿಲ್ಲ. ಹೊಸ ಸೀರೆಯನ್ನು ಕಿಟಕಿಗೆ ಹಿಡಿಯುವಳು, ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಹಿಡಿಯುವಳು. ನಾನು ಮದುವೆಯಾಗಿ ಶಹಾಬಾದಿಗೆ ಬಂದ ಹೊಸತರಲ್ಲಿ ನನ್ನ ಅಂಗೈಯನ್ನೂ ಹಾಗೇ ಹಿಡಿದು, "ಮೈಯಾಗ ರಕ್ತ ಕಮ್ಮಿ ಅದ, ಬೆಲ್ಲ ತಿನ್ನು ತಂಗಿ" ಅಂದಿದ್ದಳು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ.

ಅವಳ ಪಡಸಾಲೆಯಲ್ಲಿ ಲವ್‌ಬರ್ಡ್ಸ್ ಪಂಜರವಿತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ ಮಾಡುತ್ತಿದ್ದ ಗಂಡ ಮಲ್ಲಣ್ಣ ಹೈದರಾಬಾದಿನಿಂದ ತಂದ ಜೋಡಿ: ಹಸಿರು ಹೆಣ್ಣು, ನೀಲಿ ಗಂಡು. ತತ್ತಿಯಿಡಲು ಒಳಗೆ ಮಣ್ಣಿನ ಕುಡಿಕೆ ಕಟ್ಟಿದ್ದಳು. ಹೆಣ್ಣು ಕಾವಿಗೆ ಕೂತು ವಾರವಾದ ಮೇಲೆ ಒಂದೊಂದೇ ತತ್ತಿಯನ್ನು ಚಮಚದಲ್ಲಿ ಎತ್ತಿ, ಕತ್ತಲೆಯ ಅಡುಗೆಮನೆಗೆ ಒಯ್ದು, ಕೆಳಗಿನಿಂದ ಟಾರ್ಚು ಬಿಡುವಳು. ಜೀವವಿದ್ದರೆ ಒಳಗೆ ಕೆಂಪು ಎಳೆಗಳು ಬೇರಿನಂತೆ ಹರಡಿರುತ್ತವೆ, ಇಲ್ಲದಿದ್ದರೆ ಬರೀ ಹಳದಿ ಬೆಳಕು. ಅವಳಿಗೆ ಕಾಣುತ್ತಿದ್ದುದೆಲ್ಲ ಹಳದಿಯೇ. "ಖಾಲಿ ಅದ" ಎಂದು ಮೆಲ್ಲಗೆ ಹೇಳಿ, ತತ್ತಿಯನ್ನು ಮತ್ತೆ ಹಕ್ಕಿಯ ಹೊಟ್ಟೆಯ ಕೆಳಗೇ ಇಡುವಳು. "ಅಕಿಗಿ ಬ್ಯಾಸರ ಆಗೂ ತನಕ ಇರ್ಲಿ. ನಾ ಯಾಕ ಕಸಗೋಬೇಕು?"

ನೀಲಮ್ಮನಿಗೆ ಮಕ್ಕಳಿರಲಿಲ್ಲ. ಅವಳ ಅತ್ತೆ ಲಿಂಗಪೂಜೆ ಮುಗಿಸಿ ಎದ್ದವಳೇ, "ಲಿಂಗವಂತರ ಮನ್ಯಾಗ ತತ್ತಿ. ಬಂಜಿ ಕೈಯಾಗ ಹಕ್ಕಿನೂ ಬಂಜಿ ಆತು ನೋಡು" ಅನ್ನುವಳು. ಮಲ್ಲಣ್ಣ ಏನೂ ಅನ್ನುತ್ತಿರಲಿಲ್ಲ. ಆ ಮೌನವನ್ನು ಕಂಡರೇ ನನಗೆ ಹೆದರಿಕೆ. ಅವನ ಚಪ್ಪಲಿಯ ಸದ್ದಾದರೆ ನೀಲಮ್ಮನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದು ಬೇಸಿಗೆಯಲ್ಲಿ ಅತ್ತೆಯ ತಮ್ಮನ ಮಗಳು ಸಾವಿತ್ರಿ ಸೇಡಂ ಹತ್ತಿರದ ಮುಧೋಳದಿಂದ ಬಂದಳು. ಇನ್ನೂ ಲಂಗ ಉಡುತ್ತಿದ್ದ ಹುಡುಗಿ. "ಮನಿಗೆಲಸಕ್ಕ ಆಗ್ತಾಳ" ಎಂದಳು ಅತ್ತೆ. ಆದರೆ ಅಕ್ಕಸಾಲಿಗ ಬಂದು ಹುಡುಗಿಯ ಕೈಯ ಅಳತೆ ತೆಗೆದುಕೊಂಡು ಹೋದ. ಮಲ್ಲಣ್ಣನ ಎರಡನೇ ಮದುವೆಗೆಂದೇ ಅವಳನ್ನು ಕರೆಸಿದ್ದಾರೆಂದು ಓಣಿಗೆಲ್ಲ ತಿಳಿಯಿತು. ಸಾವಿತ್ರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಅದೇ ದಿನಗಳಲ್ಲಿ ನೀಲಮ್ಮ ವಾಡಿಯ ಪರಿಚಯದವರಿಂದ ಇನ್ನೊಂದು ಗಂಡುಹಕ್ಕಿ ತರಿಸಿ, ನೀಲಿಯದನ್ನು ಬೇರೆ ಪಂಜರಕ್ಕೆ ಹಾಕಿದ್ದಳು. ಒಂದು ಮಧ್ಯಾಹ್ನ ಗೋಡೆ ತಟ್ಟಿ ನನ್ನನ್ನು ಕರೆದಳು. ಅಡುಗೆಮನೆಯಲ್ಲಿ ಸಾವಿತ್ರಿಯೂ ಇದ್ದಳು. ಟಾರ್ಚಿನ ಮೇಲೆ ತತ್ತಿ ಹೊಳೆಯುತ್ತಿತ್ತು. ಒಳಗೆ ಕೆಂಪು ಎಳೆಗಳು, ನಡುವೆ ಮಿಡಿಯುವ ಒಂದು ಚುಕ್ಕೆ.

"ನೋಡು ಸಾವಿತ್ರಿ," ಎಂದಳು ನೀಲಮ್ಮ. "ಹೆಣ್ಣು ಅದೇ. ಗಂಡಷ್ಟೇ ಬದಲಾಗ್ಯದ. ನನ್ನ ಊರೂರು ಡಾಕ್ಟರಿಗಿ ತೋರ್ಸ್ಯಾರ. ನಮ್ಮನಿಯವರು ಒಂದ್ಸಲನೂ ತೋರ್ಸಿಕೊಂಡಿಲ್ಲ. ಈಗ ನನ್ನ ಜಾಗಕ್ಕ ನಿನ್ನ ತಂದಾರ. ನಾಳಿಗಿ ನಿನಗೂ ಇದೇ ಗತಿ ಆದ್ರ ಯಾರಿಗಿ ಹೇಳ್ತಿ?"

ಹುಡುಗಿ ತತ್ತಿಯಿಂದ ಕಣ್ಣೆತ್ತಿದಳು. "ನಮ್ಮಪ್ಪಗ ಗೊತ್ತದೇನ್ರಿ ಅಕ್ಕ?"

"ಗೊತ್ತದ."

"ಅವ್ವಗ?"

"ಗೊತ್ತಿರ್ಲಿಕ್ಕಿಲ್ಲ. ಹೋಗಿ ಅಕಿ ಮುಂದ ಅಳು."

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಬಂದ ಹೆಜ್ಜೆಯಲ್ಲೇ ಹೊರಟುಹೋದಳು.

ಮರುದಿನ ಸಾವಿತ್ರಿ ಯಾರಿಗೂ ಹೇಳದೆ ಬಸ್ಸು ಹತ್ತಿ ತನ್ನೂರಿಗೆ ಹೋಗಿಬಿಟ್ಟಳು. ಆ ಸಂಜೆ ಗೋಡೆಯಾಚೆ ಕುಡಿಕೆ ಒಡೆದ ಸದ್ದಾಯಿತು. ಆಮೇಲೆ ಏನೂ ಕೇಳಲಿಲ್ಲ. ಕೂಗಾಟವಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಬೆಳಿಗ್ಗೆ ಹೋಗಿ ನೀಲಮ್ಮ ಎಲ್ಲಿ ಎಂದು ಕೇಳಿದರೆ, "ಸೇಡಂಕ ಅಣ್ಣನ ಮನಿಗಿ ಹೋಗ್ಯಾಳ" ಎಂದಳು ಅತ್ತೆ. ಅವಳ ಹಿಂದೆ ಎರಡೂ ಪಂಜರಗಳು ಕಾಣುತ್ತಿದ್ದವು. ನೀರಿನ ಬಟ್ಟಲುಗಳು ಒಣಗಿದ್ದವು. ನೀಲಿ ಹಕ್ಕಿ ಬಾಯಿ ತೆರೆದುಕೊಂಡು ಕೂತಿತ್ತು. ಹಕ್ಕಿಗಳಿಗೆ ನೀರಿಡದೆ ನೀಲಮ್ಮ ಎಂದೂ ಚಹಾ ಕುಡಿದವಳಲ್ಲ.

"ಮಂದಿ ಮನಿ ಉಸಾಬರಿ ನಮಗ್ಯಾಕ" ಎಂದರು ನಮ್ಮ ಮನೆಯವರು. ನಾನು ಆ ಕಡೆ ಹೊರಟಿದ್ದ ಹಾಲಿನವನ ಕೈಲಿ ಸೇಡಂಗೆ ಹೇಳಿಕಳಿಸಿದೆ. ಮರುದಿನ ನೀಲಮ್ಮನ ಅಣ್ಣ ಬಂದರು. ತಂಗಿ ಅವರಲ್ಲಿಗೆ ಹೋಗಿಯೇ ಇರಲಿಲ್ಲ. ಬಾಗಿಲಿಗೆ ಅಡ್ಡ ನಿಂತ ಅತ್ತೆಯನ್ನು ಸರಿಸಿ ಒಳಗೆ ನುಗ್ಗಿದವರು ಹಿಂದಿನ ಕೋಣೆಯ ಬೀಗವನ್ನು ಹಾರೆಯಿಂದ ಒಡೆದರು. ಜೋಳದ ಚೀಲಗಳ ನಡುವೆ ನೀಲಮ್ಮ ಬಿದ್ದಿದ್ದಳು. ತುಟಿ ಒಡೆದಿತ್ತು. ಒಂದು ತೋಳು ಎತ್ತಲಾಗುತ್ತಿರಲಿಲ್ಲ. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದೆ. ಮಲ್ಲಣ್ಣ ಪಡಸಾಲೆಯಲ್ಲಿ ಕೂತೇ ಇದ್ದ, ತಲೆ ಎತ್ತಲಿಲ್ಲ.

ಅಣ್ಣನ ಜೊತೆ ರೈಲಿನಲ್ಲಿ ಕೂರಿಸುವಾಗ ಅವಳು ನನ್ನ ಸೆರಗು ಹಿಡಿದು ಕೇಳಿದ್ದು ಒಂದೇ ಮಾತು: "ಆ ಹುಡುಗಿ?"

"ಊರಾಗ ಅದಾಳಕ್ಕ. ಅಕಿ ಅವ್ವ ಕಳಸಂಗಿಲ್ಲ ಅಂದಾಳಂತ."

"ಕಳಸಬಾರದು," ಎಂದು ಕಣ್ಣು ಮುಚ್ಚಿದಳು. ಗಾಡಿ ಹೊರಟಿತು. ನಾನು ಅವಳನ್ನು ಮತ್ತೆ ನೋಡಲಿಲ್ಲ.

ದೀಪಾವಳಿ ಕಳೆದ ಮೇಲೆ ಮಲ್ಲಣ್ಣ ಚಿಂಚೋಳಿಯ ಕಡೆಯ ಒಂದು ಹುಡುಗಿಯನ್ನು ಮದುವೆಯಾಗಿ ಬಂದ. ಅರಿಶಿನದ ಸೀರೆಯಲ್ಲಿ ಅವಳು ಹೊಸ್ತಿಲು ದಾಟುವುದನ್ನು ನಾನು ನಮ್ಮ ಬಾಗಿಲಲ್ಲಿ ನಿಂತು ನೋಡಿದೆ. ಅವಳನ್ನು ಅಡುಗೆಮನೆಗೆ ಕರೆದು ಹೇಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ.